ಮುಷ್ಟಿಮಲ್ಲ ಜೋ ಲೂಯಿಸ್: ದೇಶಕ್ಕೆ ಕೊಟ್ಟ ಲೆಕ್ಕ, ದೇಶ ಕೇಳಿದ ಲೆಕ್ಕ

ಬಾಕ್ಸಿಂಗ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವ ಹೆಸರು ಮಹಮ್ಮದ್ ಅಲಿಯದು. 1980ರಲ್ಲಿ ಆತ ಮದರಾಸಿಗೆ ಬಂದು ಪ್ರದರ್ಶನ ಪಂದ್ಯವಾಡಿದ್ದನ್ನು ಕಣ್ಣಾರೆ ಕಂಡ ಹಿರಿಯರು ಚೆನ್ನೈ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಇರಬಹುದು. ಅಲಿಗಿಂತ ಒಂದು ತಲೆಮಾರು ಹಿಂದೆ, ಮನೆಮನೆಗೆ ಟೆಲಿವಿಷನ್ ಬರುವ ಮೊದಲು, ರೇಡಿಯೋ ಒಂದರಿಂದಲೇ ಕೋಟ್ಯಂತರ ಜನರ ಉಸಿರನ್ನು ಹಿಡಿದಿಟ್ಟ ಇನ್ನೊಬ್ಬ ಮುಷ್ಟಿಮಲ್ಲನಿದ್ದ. ಜೋಸೆಫ್ ಲೂಯಿಸ್ ಬ್ಯಾರೋ ಎಂಬುದು ಅವನ ಪೂರ್ಣನಾಮ. ಜಗತ್ತು ಅವನನ್ನು ಬಲ್ಲುದು ಜೋ ಲೂಯಿಸ್ ಎಂದು. 1937ರಿಂದ 1949ರವರೆಗೆ, ಹನ್ನೊಂದು ವರ್ಷ ಎಂಟು ತಿಂಗಳ ಕಾಲ, ವೃತ್ತಿಪರ ಹೆವಿವೇಟ್ ಬಾಕ್ಸಿಂಗ್‌ನ ವಿಶ್ವಪಟ್ಟ ಅವನದಾಗಿತ್ತು. ಸವಾಲೊಡ್ಡಿ ಬಂದವರೆದುರು 25 ಬಾರಿ ಕಣಕ್ಕಿಳಿದು 25 ಬಾರಿಯೂ ಪಟ್ಟವನ್ನು ಉಳಿಸಿಕೊಂಡ. ಹೆವಿವೇಟ್ ವರ್ಗದಲ್ಲಿ ಈ ದಾಖಲೆಯನ್ನು ಮುರಿದವರು ಇಂದಿಗೂ ಇಲ್ಲ. ಇಷ್ಟೆಲ್ಲ ಗೆದ್ದವನು ಕೊನೆಗಾಲದಲ್ಲಿ ತೀರಿಸಲಾಗದ ಬಾಕಿಯ ಹೊರೆ ಹೊತ್ತು ಬಾಳಬೇಕಾಯಿತು. ಆ ಹೊರೆಯ ಒಂದು ಪಾಲು ಅವನ ಔದಾರ್ಯದಿಂದಲೇ ಬಂದದ್ದು.

1914ರ ಮೇ 13ರಂದು ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿ, ಲಫಾಯೆಟ್ ಎಂಬ ಊರಿನ ಸಮೀಪ ಅವನು ಹುಟ್ಟಿದ. ಎಂಟು ಮಕ್ಕಳಲ್ಲಿ ಏಳನೆಯವನು. ತಂದೆ ಮನ್ರೋ ಬ್ಯಾರೋ ಪರರ ಹೊಲವನ್ನು ಪಾಲಿಗೆ ಮಾಡಿ ಹತ್ತಿ ಬೆಳೆಯುತ್ತಿದ್ದ. ಹಿಂದಿನ ತಲೆಮಾರಿನವರು ಗುಲಾಮಗಿರಿಯನ್ನು ಕಂಡುಂಡವರು. ಮಗುವಿಗೆ ಎರಡು ವರ್ಷವಾಗಿದ್ದಾಗ ತಂದೆ ಬುದ್ಧಿಭ್ರಮಣೆಯಿಂದ ಮಾನಸಿಕ ಆಸ್ಪತ್ರೆ ಸೇರಿದ. ಆತ ತೀರಿಕೊಂಡನೆಂಬ ಸುದ್ದಿಯನ್ನು ನಂಬಿ ತಾಯಿ ಲಿಲಿ, ಪ್ಯಾಟ್ ಬ್ರೂಕ್ಸ್ ಎಂಬಾತನನ್ನು ಮರುವಿವಾಹವಾದಳು. ನಿಜದಲ್ಲಿ ಆ ತಂದೆ ಮುಂದೆ ಬಹುಕಾಲ ಬದುಕಿದ್ದ. ಮಗ ಜಗದ್ವಿಖ್ಯಾತನಾದುದನ್ನು ಅರಿಯದೆಯೇ ಕಣ್ಣು ಮುಚ್ಚಿದ.

1926ರಲ್ಲಿ ಈ ದೊಡ್ಡ ಕುಟುಂಬ ಉತ್ತರದ ಡೆಟ್ರಾಯಿಟ್ ನಗರಕ್ಕೆ ವಲಸೆ ಬಂದಿತು. ಊರು ಬಿಟ್ಟು ದೂರದ ನಗರದಲ್ಲಿ ಬಿಡಾರ ಹೂಡಿದವರ ಪಾಡು ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಅಂದು ದಕ್ಷಿಣದಿಂದ ಹೊರಟ ಕಪ್ಪು ಜನರನ್ನು ಹೊರಡಿಸಿದ್ದು ಫೋರ್ಡ್ ಕಾರ್ಖಾನೆಯ ಸಂಬಳದ ಆಸೆಯೊಂದೇ ಅಲ್ಲ, ಹುಟ್ಟಿದೂರಿನ ಭಯವೂ ಹೌದು. ಹನ್ನೆರಡರ ಹುಡುಗನಿಗೆ ಮಾತು ತಡವರಿಸುತ್ತಿತ್ತು, ಓದು ತಲೆಗೆ ಹತ್ತಲಿಲ್ಲ. ಬಡಗಿ ಕೆಲಸ ಕಲಿಯಲೆಂದು ವೃತ್ತಿ ಶಿಕ್ಷಣದ ಶಾಲೆಗೆ ಸೇರಿಸಿದರು. ಮಗ ಸಂಗೀತ ಕಲಿಯಲಿ ಎಂಬ ಆಸೆಯಿಂದ ತಾಯಿ ಪಿಟೀಲು ಪಾಠಕ್ಕೆ ಹಣ ಕೊಟ್ಟರೆ, ಅವನು ಅದನ್ನು ಬಾಕ್ಸಿಂಗ್ ಶಾಲೆಗೆ ತೆರುತ್ತಿದ್ದ. ಕೈಗವಸುಗಳನ್ನು ಪಿಟೀಲಿನ ಪೆಟ್ಟಿಗೆಯಲ್ಲೇ ಅಡಗಿಸಿ ಒಯ್ಯುತ್ತಿದ್ದನೆಂಬ ಕಥೆಯೂ ಉಂಟು.

ಆರಂಭ ಶುಭಸೂಚಕವಾಗಿರಲಿಲ್ಲ. 1932ರಲ್ಲಿ ಹವ್ಯಾಸಿಯಾಗಿ ಆಡಿದ ಮೊದಲ ಪಂದ್ಯದಲ್ಲೇ ಜಾನಿ ಮೈಲರ್ ಎಂಬಾತ ಅವನನ್ನು ಏಳು ಬಾರಿ ನೆಲಕ್ಕೆ ಕೆಡವಿದ. ನಾಚಿಕೆಯಿಂದ ಕೆಲಕಾಲ ಕೈಗವಸು ಕಳಚಿಟ್ಟು ಫೋರ್ಡ್ ಕಾರ್ಖಾನೆಯಲ್ಲಿ ದುಡಿದ. ಮರಳಿ ಬಂದವನು ಎರಡೇ ವರ್ಷಗಳಲ್ಲಿ ರಾಷ್ಟ್ರೀಯ ಹವ್ಯಾಸಿ ಪ್ರಶಸ್ತಿ ಗೆದ್ದು, 1934ರ ಜುಲೈ 4ರಂದು ಷಿಕಾಗೋದಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯವಾಡಿದ. ಎದುರಾಳಿ ಜ್ಯಾಕ್ ಕ್ರ್ಯಾಕೆನ್ ಮೊದಲ ಸುತ್ತಿನಲ್ಲೇ ನೆಲ ಕಚ್ಚಿದ. ದೊರೆತ ಸಂಭಾವನೆ 59 ಡಾಲರ್.

ಅವನ ಬೆನ್ನಿಗೆ ನಿಂತವರು ಮೂವರು ಕಪ್ಪು ಜನರು. ವ್ಯವಸ್ಥಾಪಕರಾದ ಜಾನ್ ರಾಕ್ಸ್‌ಬರೋ ಮತ್ತು ಜೂಲಿಯನ್ ಬ್ಲ್ಯಾಕ್, ಹಾಗೂ ಗುರು ಜ್ಯಾಕ್ ಬ್ಲ್ಯಾಕ್‌ಬರ್ನ್. ರಾಕ್ಸ್‌ಬರೋನ ಹಣದ ಮೂಲ ಡೆಟ್ರಾಯಿಟ್‌ನ ಗುಪ್ತ ಸಂಖ್ಯಾಜೂಜು. ಮುಂಬಯಿಯ ಓದುಗರಿಗೆ ಮಟ್ಕಾ ಎಂದರೆ ಕೂಡಲೇ ತಿಳಿದೀತು. ಬ್ಲ್ಯಾಕ್‌ಬರ್ನ್ ಹಿಂದೊಮ್ಮೆ ಕೊಲೆಯ ಅಪರಾಧಕ್ಕಾಗಿ ಸೆರೆವಾಸ ಅನುಭವಿಸಿದವನು. ಇಂತಹವರ ಕೈಗೆ ಸಿಕ್ಕ ಹುಡುಗನಿಗೆ ಅವರು ಕಲಿಸಿದ ನಡತೆ ಮಾತ್ರ ಮಠದ ವಟುವಿಗೆ ಒಪ್ಪುವಂಥದು. ಬಿದ್ದ ಎದುರಾಳಿಯನ್ನು ಕಂಡು ಹಿಗ್ಗಕೂಡದು. ಸೋತವನ ಬಗ್ಗೆ ಹಗುರವಾಗಿ ಮಾತನಾಡಕೂಡದು. ಬಿಳಿಯ ಹೆಂಗಸರೊಡನೆ ಛಾಯಾಚಿತ್ರಕ್ಕೆ ನಿಲ್ಲಕೂಡದು. ಈ ಕಟ್ಟುಪಾಡುಗಳಿಗೆ ಕಾರಣವಿತ್ತು. 1908ರಿಂದ 1915ರವರೆಗೆ ಜ್ಯಾಕ್ ಜಾನ್ಸನ್ ಎಂಬ ಕಪ್ಪು ಮಲ್ಲ ಹೆವಿವೇಟ್ ಪಟ್ಟದಲ್ಲಿದ್ದ. ಅವನ ನಿರ್ಭಿಡೆಯ ನಡೆನುಡಿಯನ್ನು ಬಿಳಿಯ ಅಮೆರಿಕ ಸಹಿಸಲಿಲ್ಲ. ಅವನ ಬಳಿಕ ಇಪ್ಪತ್ತೆರಡು ವರ್ಷ ಯಾವ ಕಪ್ಪು ಸ್ಪರ್ಧಿಗೂ ಆ ಪಟ್ಟ ದಕ್ಕಲಿಲ್ಲ. ಮುಚ್ಚಿದ ಬಾಗಿಲು ತೆರೆಯಬೇಕಾದರೆ ಹುಡುಗ ತಲೆ ತಗ್ಗಿಸಿ ನಡೆಯಬೇಕೆಂಬುದು ಆ ಮೂವರ ಲೆಕ್ಕಾಚಾರ. ತನ್ನದಲ್ಲದ ತಪ್ಪಿಗೆ ಇಷ್ಟು ಎಚ್ಚರಿಕೆಯಿಂದ ಬಾಳಬೇಕಾದ ಇಪ್ಪತ್ತರ ತರುಣನ ಮನಸ್ಸಿನಲ್ಲಿ ಏನಿತ್ತೋ, ಅವನಂತೂ ಹೆಚ್ಚು ಮಾತನಾಡಿದವನಲ್ಲ.

ಮುಷ್ಟಿಗಳು ಮಾತನಾಡಿದವು. 1935ರಲ್ಲಿ ಮಾಜಿ ವಿಶ್ವವಿಜೇತರಾದ ಇಟಲಿಯ ದೈತ್ಯದೇಹಿ ಪ್ರಿಮೋ ಕಾರ್ನೆರಾ ಆರನೆಯ ಸುತ್ತಿನಲ್ಲೂ, ಮ್ಯಾಕ್ಸ್ ಬೇರ್ ನಾಲ್ಕನೆಯ ಸುತ್ತಿನಲ್ಲೂ ಅವನಿಗೆ ಶರಣಾದರು. ಬೇರ್‌ನೊಡನೆ ಸೆಣಸಿದ ದಿನವೇ ಮಾರ್ವಾ ಟ್ರಾಟರ್ ಎಂಬ ತರುಣಿಯನ್ನು ಮದುವೆಯಾಗಿ, ಮದುಮಗಳನ್ನು ಪ್ರೇಕ್ಷಕರ ನಡುವೆ ಕೂರಿಸಿ ಕಣಕ್ಕಿಳಿದಿದ್ದ. ಹಣ ಹರಿದುಬಂದಿತು. ಆಗ ಅವನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅವನ ಮನೆಯವರು ಸರಕಾರದ ಪರಿಹಾರಧನದಿಂದ ಹೊಟ್ಟೆ ಹೊರೆದಿದ್ದರು. ಆ ಹಣವನ್ನು ಲೆಕ್ಕಹಾಕಿಸಿ ಪೂರ್ತಿಯಾಗಿ ಹಿಂದಿರುಗಿಸಿದ. ಯಾರೂ ಕೇಳಿರಲಿಲ್ಲ.

ಗೆಲುವಿನ ಈ ಓಟಕ್ಕೆ 1936ರ ಜೂನ್ 19ರಂದು ತಡೆ ಬಿತ್ತು. ಎದುರಾಳಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್, ಮೂವತ್ತು ದಾಟಿದ ಮಾಜಿ ವಿಶ್ವವಿಜೇತ. ಅವನನ್ನು ಹಗುರವಾಗಿ ಎಣಿಸಿದ ಲೂಯಿಸ್, ಆಗತಾನೆ ಹತ್ತಿದ ಗಾಲ್ಫ್ ಹುಚ್ಚಿನಲ್ಲಿ ಅಭ್ಯಾಸವನ್ನು ಅಲಕ್ಷಿಸಿದ. ಶ್ಮೆಲಿಂಗ್ ಮಾತ್ರ ಲೂಯಿಸ್‌ನ ಹಳೆಯ ಪಂದ್ಯಗಳ ಫಿಲ್ಮನ್ನು ಶಾಲಾ ಬಾಲಕನಂತೆ ಅಭ್ಯಸಿಸಿದ್ದ. ಎಡಗೈಯಿಂದ ನೇರ ಹೊಡೆತ ಕೊಟ್ಟು ಹಿಂದೆಗೆಯುವಾಗ ಲೂಯಿಸ್ ಆ ಕೈಯನ್ನು ತುಸು ಕೆಳಕ್ಕೆ ಇಳಿಬಿಡುತ್ತಿದ್ದ. ಕ್ಷಣಮಾತ್ರ ಅವನ ಎಡಗೆನ್ನೆ ತೆರೆದುಕೊಳ್ಳುತ್ತಿತ್ತು. ಆ ಕ್ಷಣಕ್ಕಾಗಿ ಕಾದು ಶ್ಮೆಲಿಂಗ್ ಬಲಗೈ ಬೀಸಿದ, ಮತ್ತೆ ಮತ್ತೆ ಬೀಸಿದ. ನಾಲ್ಕನೆಯ ಸುತ್ತಿನಲ್ಲಿ ಮೊದಲು ಬಿದ್ದ ಲೂಯಿಸ್ ಹನ್ನೆರಡನೆಯದರಲ್ಲಿ ಬಿದ್ದವನು ಏಳಲಿಲ್ಲ. ಶ್ಮೆಲಿಂಗ್ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲಿ ತಾಯ್ನಾಡಿಗೆ ಮರಳಿದಾಗ ಹಿಟ್ಲರನ ಆಡಳಿತ ಅವನನ್ನು ಹೊತ್ತು ಮೆರೆಸಿತು. ಒಬ್ಬ ಆಟಗಾರನ ಜಾಣ್ಮೆ ಇಡೀ ಜನಾಂಗದ ಶ್ರೇಷ್ಠತೆಗೆ ಸಾಕ್ಷಿಯಾಗಿಬಿಟ್ಟಿತು.

ನ್ಯಾಯವಾಗಿ ನೋಡಿದರೆ ಇದರ ಬಳಿಕ ವಿಶ್ವಪಟ್ಟಕ್ಕಾಗಿ ಸೆಣಸುವ ಸರದಿ ಶ್ಮೆಲಿಂಗ್‌ನದು. ಆದರೆ ಪಟ್ಟದಲ್ಲಿದ್ದ ಜೇಮ್ಸ್ ಬ್ರ್ಯಾಡಕ್‌ನ ಕಡೆಯವರು, ನಾಜಿ ಜರ್ಮನಿಯ ವಿರುದ್ಧ ಎದ್ದಿದ್ದ ಬಹಿಷ್ಕಾರದ ಕೂಗು ಹಾಗೂ ಪ್ರವರ್ತಕ ಮೈಕ್ ಜೇಕಬ್ಸ್ ಒಡ್ಡಿದ ಲಾಭದ ಪಾಲು, ಇವೆರಡನ್ನೂ ತೂಗಿ ಲೂಯಿಸ್‌ನನ್ನು ಆರಿಸಿಕೊಂಡರು. 1937ರ ಜೂನ್ 22ರಂದು ಷಿಕಾಗೋದಲ್ಲಿ ಎಂಟನೆಯ ಸುತ್ತಿನಲ್ಲಿ ಬ್ರ್ಯಾಡಕ್‌ನನ್ನು ಕೆಡವಿ ಲೂಯಿಸ್ ವಿಶ್ವವಿಜೇತನಾದ. ಶ್ಮೆಲಿಂಗ್‌ನನ್ನು ಸೋಲಿಸದೆ ಈ ಪಟ್ಟಕ್ಕೆ ಅರ್ಥವಿಲ್ಲ ಎಂಬ ಭಾವನೆ ಮಾತ್ರ ಅವನನ್ನು ಬಿಡಲಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, 1938ರ ಜೂನ್ 22ರ ರಾತ್ರಿ, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಇಬ್ಬರೂ ಮತ್ತೆ ಎದುರುಬದುರಾದರು. ಮೂರು ತಿಂಗಳ ಹಿಂದಷ್ಟೇ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ್ದ. ಎರಡು ದೇಶಗಳ, ಎರಡು ತತ್ತ್ವಗಳ ಭಾರವನ್ನು ಇಬ್ಬರು ಮಲ್ಲರ ಹೆಗಲಿಗೆ ಏರಿಸಲಾಗಿತ್ತು. ಶ್ಮೆಲಿಂಗ್ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ, ಅವನ ಅಮೆರಿಕದ ವ್ಯವಸ್ಥಾಪಕ ಯೆಹೂದಿಯಾಗಿದ್ದ. ಆದರೂ ಅಂದಿನ ಪ್ರೇಕ್ಷಕರಿಗೆ ಅವನು ಹಿಟ್ಲರನ ಪ್ರತಿನಿಧಿ. ಲೂಯಿಸ್‌ನ ಸ್ಥಿತಿ ಇನ್ನೂ ವಿಚಿತ್ರ. ಪ್ರಜಾಪ್ರಭುತ್ವದ ಪ್ರತಿನಿಧಿಯಾಗಿ ನಿಂತವನು, ತಾನು ಹುಟ್ಟಿದ ಅಲಬಾಮಾದಲ್ಲಿ ಬಿಳಿಯರ ಸಾಲಿನಲ್ಲಿ ಕೂರುವಂತಿರಲಿಲ್ಲ. ಕ್ರೀಡಾಂಗಣದಲ್ಲಿ ಸುಮಾರು 70,000 ಜನ; ಗೇಟಿನ ಆದಾಯ ಹತ್ತು ಲಕ್ಷ ಡಾಲರಿಗೂ ಮಿಕ್ಕು. ರೇಡಿಯೋದ ಮುಂದೆ ಅಮೆರಿಕವೇ ಕುಳಿತಿತ್ತು. ಜರ್ಮನಿಯಲ್ಲಿ ನಸುಕಿನ ಮೂರರ ಹೊತ್ತಿಗೆ ಜನ ಎದ್ದು ಕಿವಿಯಾನಿಸಿದ್ದರು.

ಹೆವಿವೇಟ್ ಪಟ್ಟದ ಪಂದ್ಯವೆಂದರೆ ಆಗ ಹದಿನೈದು ಸುತ್ತುಗಳು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷದ ವಿಶ್ರಾಂತಿ. ಅಂದು ಒಂದು ಸುತ್ತೂ ಪೂರ್ಣವಾಗಲಿಲ್ಲ. ಗಂಟೆ ಬಾರಿಸಿದೊಡನೆ ಲೂಯಿಸ್ ಮುನ್ನುಗ್ಗಿದ. ಹಿಂದಿನ ತಪ್ಪು ಈಗಿರಲಿಲ್ಲ. ಎಡಗೈ ಹೋದ ದಾರಿಯಲ್ಲೇ ಹಿಂದಿರುಗಿ ಗಲ್ಲವನ್ನು ಕಾಯುತ್ತಿತ್ತು. ಶ್ಮೆಲಿಂಗ್ ಹಗ್ಗಕ್ಕೆ ಒರಗಿ ಮೈ ಹೊರಳಿಸಿದಾಗ ಬಿದ್ದ ಬಲಗೈ ಹೊಡೆತವೊಂದು ಅವನ ಸೊಂಟದ ಬಳಿಯ ಬೆನ್ನೆಲುಬಿನ ಚಾಚನ್ನು ಮುರಿಯಿತು. ಅವನ ಚೀತ್ಕಾರ ಮುಂದಿನ ಸಾಲುಗಳವರಿಗೆ ಕೇಳಿಸಿತು. ಮೂರು ಬಾರಿ ಬಿದ್ದ. ಮೂರನೆಯ ಬಾರಿಗೆ ಅವನ ತರಬೇತುದಾರ ಟವೆಲನ್ನು ಕಣಕ್ಕೆ ಎಸೆದ. ರೆಫರಿ ಆರ್ಥರ್ ಡೊನೊವನ್ ಪಂದ್ಯ ನಿಲ್ಲಿಸಿದ. ಆಗ ಕಳೆದಿದ್ದುದು ಎರಡು ನಿಮಿಷ ನಾಲ್ಕು ಸೆಕೆಂಡು. ಟಿಕೆಟು ಕೊಂಡು ಬಂದವರಲ್ಲಿ ಕೆಲವರು ಇನ್ನೂ ತಮ್ಮ ಆಸನ ಹುಡುಕುತ್ತಿದ್ದಿರಬೇಕು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಪ್ಪು ಜನರು ಬೀದಿಗಿಳಿದು ರಾತ್ರಿಯೆಲ್ಲ ಕುಣಿದರು.

ಆಸ್ಪತ್ರೆಯಿಂದ ಊರಿಗೆ ಮರಳಿದ ಶ್ಮೆಲಿಂಗ್‌ನನ್ನು ಸ್ವಾಗತಿಸಲು ನಾಜಿಗಳಿಗೆ ಉತ್ಸಾಹವಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಯೆಹೂದಿಗಳ ಮೇಲೆ ದಾಳಿ ನಡೆದಾಗ, ಪರಿಚಿತನೊಬ್ಬನ ಇಬ್ಬರು ಮಕ್ಕಳನ್ನು ಆತ ತನ್ನ ಹೋಟೆಲ್ ಕೋಣೆಯಲ್ಲಿ ಬಚ್ಚಿಟ್ಟು ಉಳಿಸಿದ. ಇದು ಲೋಕಕ್ಕೆ ತಿಳಿದದ್ದು ಐವತ್ತು ವರ್ಷಗಳ ಬಳಿಕ, ಅದೂ ಉಳಿದ ಹುಡುಗರಲ್ಲಿ ಒಬ್ಬನ ಬಾಯಿಂದ.

ಲೂಯಿಸ್‌ನ ಮುಂದಿನ ಪಂದ್ಯಗಳನ್ನೆಲ್ಲ ವಿವರಿಸುವ ಅಗತ್ಯವಿಲ್ಲ. 1940ರ ಡಿಸೆಂಬರಿನಿಂದ ಏಳು ತಿಂಗಳಲ್ಲಿ ಏಳು ಬಾರಿ ಪಟ್ಟವನ್ನು ಪಣಕ್ಕಿಟ್ಟ ಎಂದರೆ ಸಾಕು. ಅವುಗಳಲ್ಲಿ 1941ರ ಜೂನ್ 18ರ ಒಂದು ಮಾತ್ರ ಮರೆಯುವಂಥದಲ್ಲ. ತೂಕದಲ್ಲಿ ಬಹಳ ಹಗುರನಾದ ಬಿಲ್ಲಿ ಕಾನ್ ಹನ್ನೆರಡು ಸುತ್ತು ಚುರುಕಾಗಿ ಆಡಿ ಅಂಕಗಳಲ್ಲಿ ಮುಂದಿದ್ದ. ಉಳಿದ ಮೂರು ಸುತ್ತು ದೂರ ನಿಂತಿದ್ದರೆ ಪಟ್ಟ ಅವನದೇ. ಕೆಡವಿಯೇ ಗೆಲ್ಲುವ ಹಟದಿಂದ ಹತ್ತಿರ ಬಂದು, ಹದಿಮೂರನೆಯ ಸುತ್ತು ಮುಗಿಯಲು ಎರಡೇ ಸೆಕೆಂಡು ಇರುವಾಗ ತಾನೇ ಬಿದ್ದ.

ಆ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. 1942ರ ಜನವರಿ 9ರಂದು ಲೂಯಿಸ್, ಮ್ಯಾಕ್ಸ್ ಬೇರ್‌ನ ತಮ್ಮ ಬಡಿ ಬೇರ್‌ನೊಡನೆ ಸೆಣಸಿ ಮೊದಲ ಸುತ್ತಿನಲ್ಲೇ ಗೆದ್ದು, ತನ್ನ ಸಂಭಾವನೆಯನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಆಗ ನೌಕಾಪಡೆಯಲ್ಲಿ ಕಪ್ಪು ಜನರಿಗೆ ತೆರೆದಿದ್ದುದು ಅಡುಗೆ-ಬಡಿಸುವ ಕೆಲಸವೊಂದೇ. ಅಂತಹ ಪಡೆಗೇಕೆ ದಾನ ಎಂದು ಅವನ ಜನರೇ ಆಕ್ಷೇಪಿಸಿದರು. ಅವನು ಕೇಳಲಿಲ್ಲ. ಮರುದಿನ ಸೈನ್ಯಕ್ಕೆ ಹೆಸರು ಕೊಟ್ಟ. ಮಾರ್ಚಿಯಲ್ಲಿ ಏಬ್ ಸೈಮನ್‌ನೊಡನೆ ಆಡಿದ ಪಂದ್ಯದ ಪಾಲನ್ನು ಭೂಸೇನೆಯ ನಿಧಿಗೆ ಕೊಟ್ಟ. ಎರಡೂ ಸೇರಿ 80,000 ಡಾಲರಿಗೂ ಮಿಕ್ಕ ಮೊತ್ತ.

ಸೈನ್ಯದಲ್ಲಿ ಅವನು 96 ಪ್ರದರ್ಶನ ಪಂದ್ಯಗಳನ್ನಾಡಿದ. ಸುಮಾರು ಇಪ್ಪತ್ತು ಲಕ್ಷ ಸೈನಿಕರು ನೋಡಿದರು. ಇದೇ ಅವಧಿಯಲ್ಲಿ ಅವನು ಸದ್ದಿಲ್ಲದೆ ಇನ್ನೊಂದು ಹೋರಾಟವನ್ನೂ ನಡೆಸಿದ. ಕ್ಯಾನ್ಸಸ್‌ನ ಫೋರ್ಟ್ ರೈಲಿ ಶಿಬಿರದಲ್ಲಿ ಕಪ್ಪು ತರುಣರ ಅಧಿಕಾರಿ ತರಬೇತಿಯ ಅರ್ಜಿಗಳು ಮೂಲೆಗೆ ಬಿದ್ದಿದ್ದವು. ವಾಷಿಂಗ್ಟನ್ನಿನಲ್ಲಿ ತನಗೆ ಪರಿಚಯವಿದ್ದವರ ಮೂಲಕ ಅವನು ಅವುಗಳಿಗೆ ದಾರಿ ಮಾಡಿಸಿದ. ಹಾಗೆ ಅಧಿಕಾರಿಯಾದವರಲ್ಲಿ ಒಬ್ಬ ಜ್ಯಾಕಿ ರಾಬಿನ್ಸನ್. 1947ರಲ್ಲಿ ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನ ವರ್ಣಗೋಡೆಯನ್ನು ಒಡೆದವನು ಆತನೇ. ಅಲಬಾಮಾದ ಶಿಬಿರವೊಂದರಲ್ಲಿ ಬಸ್ಸಿಗೆ ಕಾಯುತ್ತಿದ್ದ ಲೂಯಿಸ್ ಹಾಗೂ ಅವನ ಗೆಳೆಯ, ಬಾಕ್ಸರ್ ಶುಗರ್ ರೇ ರಾಬಿನ್ಸನ್‌ರಿಗೆ, ಕಪ್ಪು ಜನರ ಬೆಂಚಿಗೆ ಹೋಗುವಂತೆ ಸೈನಿಕ ಪೊಲೀಸರು ಆಜ್ಞಾಪಿಸಿದರು. ಇಬ್ಬರೂ ಕದಲಲಿಲ್ಲ; ಬಂಧಿಸಿ ಒಯ್ದರು. ಮೇಲಧಿಕಾರಿಗಳಿಗೆ ಅವರು ಯಾರೆಂದು ತಿಳಿದು ಬಿಡುಗಡೆಯಾಯಿತು. ಹೆಸರಿಲ್ಲದ ಸೈನಿಕನ ಗತಿ ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

1945ರಲ್ಲಿ ಪದಕದೊಡನೆ ಸೈನ್ಯದಿಂದ ಹೊರಬಂದವನ ಎದುರಿಗೆ ಸಾಲದ ಪಟ್ಟಿಯಿತ್ತು. ಯುದ್ಧಕಾಲದಲ್ಲಿ ಮನೆಯ ಖರ್ಚಿಗೆ ಮೈಕ್ ಜೇಕಬ್ಸ್‌ನಿಂದ ತೆಗೆದ ಮುಂಗಡ, ವ್ಯವಸ್ಥಾಪಕರ ಪಾಲು, ವಿಚ್ಛೇದನ ಪಡೆದ ಮಾರ್ವಾಳಿಗೆ ಕೊಡಬೇಕಾದದ್ದು, ಇವೆಲ್ಲದರ ಮೇಲೆ ಆದಾಯ ತೆರಿಗೆ. 1946ರ ಜೂನಿನಲ್ಲಿ ಬಿಲ್ಲಿ ಕಾನ್‌ನೊಡನೆ ಮರುಪಂದ್ಯವಾಡಿ, ಹೆವಿವೇಟ್ ಪಟ್ಟದ ಪಂದ್ಯಗಳಲ್ಲಿ ಟೆಲಿವಿಷನ್ ಕಂಡ ಮೊದಲನೆಯದು ಅದು, ಆರು ಲಕ್ಷ ಡಾಲರಿಗೂ ಮಿಕ್ಕ ಪಾಲು ಪಡೆದ. ಬಾಕಿದಾರರಿಗೆಲ್ಲ ಹಂಚಿದ ಮೇಲೆ ಕೈಯಲ್ಲಿ ಉಳಿದದ್ದು ಅತ್ಯಲ್ಪ.

ತೆರಿಗೆಯ ಗೋಜಲು ಹೀಗಿತ್ತು. ನಿಧಿಗಳಿಗೆ ಕೊಟ್ಟ ಸಂಭಾವನೆಯನ್ನು ಸರಕಾರ ಅವನ ಆದಾಯವೆಂದೇ ಪರಿಗಣಿಸಿತು. ಕೈಗೆ ಬಾರದ ಹಣಕ್ಕೆ ತೆರಿಗೆ ತೆರಬೇಕಾಯಿತು. ಅಂದಿನ ಅಮೆರಿಕದಲ್ಲಿ ದೊಡ್ಡ ಆದಾಯಕ್ಕೆ ಗರಿಷ್ಠ ದರ ಶೇಕಡಾ 90ರ ಆಸುಪಾಸಿನಲ್ಲಿತ್ತು. ಹಿಂದಿನ ಬಾಕಿ ತೀರಿಸಲು ಆಡಿದ ಪಂದ್ಯದ ಗಳಿಕೆಗೂ ಅದೇ ದರ. ಉಳಿದದ್ದು ಬಡ್ಡಿಗೂ ಸಾಲದು. ಆದರೆ ಇಡೀ ತಪ್ಪನ್ನು ಇಲಾಖೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಅವನ ಲೆಕ್ಕಪತ್ರ ನೋಡುತ್ತಿದ್ದವರು ಎಡವಿದ್ದರು. ಅವನೂ ಎಣಿಸದೆ ಖರ್ಚು ಮಾಡಿದ. ಕೈಚಾಚಿದ ಸ್ನೇಹಿತರಿಗೆಲ್ಲ ಕೊಟ್ಟ, ಗಾಲ್ಫ್ ಪಂತದಲ್ಲಿ ಕಳೆದ, ಹೂಡಿದ ವ್ಯಾಪಾರಗಳಲ್ಲಿ ಹೆಚ್ಚಿನವು ಮುಳುಗಿದವು. 1950ರ ಹೊತ್ತಿಗೆ ಐದು ಲಕ್ಷ ಡಾಲರಿನಷ್ಟಿದ್ದ ಬಾಕಿ ಬಡ್ಡಿ ಬೆಳೆದು ಆ ದಶಕದಲ್ಲೇ ಹತ್ತು ಲಕ್ಷವನ್ನು ದಾಟಿತು.

1949ರ ಮಾರ್ಚಿಯಲ್ಲಿ ಪಟ್ಟ ತ್ಯಜಿಸಿ ನಿವೃತ್ತನಾಗಿದ್ದವನು ಈ ಬಾಕಿಗಾಗಿಯೇ ಮತ್ತೆ ಕೈಗವಸು ತೊಟ್ಟ. 1950ರಲ್ಲಿ ಎಜರ್ಡ್ ಚಾರ್ಲ್ಸ್‌ನೆದುರು ಹದಿನೈದು ಸುತ್ತು ನಿಂತು ಅಂಕಗಳಲ್ಲಿ ಸೋತ. 1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರಾಕಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಅವನನ್ನು ಹಗ್ಗಗಳ ನಡುವಿನಿಂದ ಆಚೆಗೆ ಕೆಡವಿದ. ಲೂಯಿಸ್‌ಗೆ ಆಗ 37 ವರ್ಷ. ತಲೆಯ ನೆತ್ತಿ ತೆಳುವಾಗಿತ್ತು. ಬಾಲ್ಯದಿಂದ ಅವನನ್ನೇ ಆರಾಧಿಸಿದ್ದ ಮಾರ್ಸಿಯಾನೋ, ಪಂದ್ಯದ ಬಳಿಕ ಸೋತವನ ಕೋಣೆಗೆ ಬಂದು ಅತ್ತನೆಂದು ಹೇಳುತ್ತಾರೆ. ಆಡಿದ 69 ವೃತ್ತಿಪರ ಪಂದ್ಯಗಳಲ್ಲಿ ಇದು ಅವನ ಮೂರನೆಯ ಸೋಲು, ಕೊನೆಯ ಪಂದ್ಯ.

1952ರಲ್ಲಿ ಸ್ಯಾನ್ ಡಿಯಾಗೋ ಗಾಲ್ಫ್ ಪಂದ್ಯಾವಳಿಗೆ ಸಂಘಟಕರು ಅವನನ್ನು ಆಹ್ವಾನಿಸಿದಾಗ, ಬಿಳಿಯರಿಗಷ್ಟೇ ಪ್ರವೇಶವೆಂಬ ವೃತ್ತಿಪರ ಗಾಲ್ಫ್ ಸಂಸ್ಥೆಯ ನಿಯಮ ಅಡ್ಡಬಂದಿತು. ಅವನು ಪತ್ರಿಕೆಗಳ ಮುಂದೆ ದನಿಯೆತ್ತಿದ. ಸಂಸ್ಥೆ ಅವನನ್ನು ಹವ್ಯಾಸಿಯಾಗಿ ಆಡಗೊಟ್ಟಿತು. ಇಪ್ಪತ್ತರಲ್ಲಿ ತಲೆ ತಗ್ಗಿಸಲು ಕಲಿತವನು ಮೂವತ್ತೇಳರಲ್ಲಿ ಎತ್ತಿದ್ದ.

ತಾಯಿ ಲಿಲಿ 1953ರಲ್ಲಿ ತೀರಿಕೊಂಡಳು. ಆಕೆ ಮಗನಿಗೆಂದು ಬಿಟ್ಟುಹೋದ ಏಳುನೂರಕ್ಕೂ ಕಡಿಮೆ ಡಾಲರುಗಳನ್ನೂ ಇಲಾಖೆ ಬಾಕಿಗೆ ಜಮೆ ಮಾಡಿಕೊಂಡಿತು. 1956ರಲ್ಲಿ ಮಾಜಿ ವಿಶ್ವವಿಜೇತ ದುಡ್ಡಿಗಾಗಿ ತೋರಿಕೆಯ ಕುಸ್ತಿಯ ಅಖಾಡಕ್ಕೂ ಇಳಿದ. 1959ರಲ್ಲಿ ಮದುವೆಯಾದ ವಕೀಲೆ ಮಾರ್ಥಾ ಜೆಫರ್ಸನ್ ಅವನ ಬಾಳಿಗೆ ಆಸರೆಯಾದಳು. 1960ರ ದಶಕದ ಆರಂಭದಲ್ಲಿ ಸರಕಾರ ಹಳೆಯ ಬಾಕಿಯ ಬೆನ್ನು ಬಿಟ್ಟು, ಅಂದಂದಿನ ಗಳಿಕೆಗೆ ಮಾತ್ರ ತೆರಿಗೆ ಪಡೆಯಲು ಒಪ್ಪಿತು. ಅಷ್ಟರಲ್ಲಿ ಮನಸ್ಸು ದಣಿದಿತ್ತು. ಯಾರೋ ವಿಷಾನಿಲ ಬಿಟ್ಟು ತನ್ನನ್ನು ಕೊಲ್ಲುತ್ತಾರೆಂಬ ಭಯದಿಂದ ಕೋಣೆಯ ಗಾಳಿಕಿಂಡಿಗಳನ್ನು ಮುಚ್ಚುತ್ತಿದ್ದ; 1970ರಲ್ಲಿ ಡೆನ್ವರ್‌ನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದ. ಬಳಿಕ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್‌ನಲ್ಲಿ ಅತಿಥಿಗಳ ಕೈಕುಲುಕಿ ಸ್ವಾಗತಿಸುವ ಕೆಲಸ ದೊರೆಯಿತು. ಕೆಲವರು ಅದನ್ನು ಕಂಡು ಮರುಗಿದರು. ಅವನಿಗೆ ಜನರ ನಡುವೆ ಇರುವುದು ಇಷ್ಟವಾಗಿತ್ತು.

1954ರಲ್ಲಿ ಶ್ಮೆಲಿಂಗ್ ಅಮೆರಿಕಕ್ಕೆ ಬಂದು ಅವನ ಮನೆ ಹುಡುಕಿಕೊಂಡು ಹೋಗಿದ್ದ. ಯುದ್ಧದ ಬಳಿಕ ಕೋಕಾ-ಕೋಲಾ ವ್ಯಾಪಾರದಿಂದ ಅನುಕೂಲಸ್ಥನಾಗಿದ್ದ ಆ ಹಳೆಯ ಎದುರಾಳಿ ಅಂದಿನಿಂದ ಕೊನೆಯವರೆಗೂ ಸ್ನೇಹಿತನಾಗಿ ಉಳಿದ, ಕಷ್ಟಕ್ಕೆ ಹಣವನ್ನೂ ಕೊಟ್ಟ.

1977ರ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಲೂಯಿಸ್ ಗಾಲಿಕುರ್ಚಿ ಹಿಡಿದ. 1981ರ ಏಪ್ರಿಲ್ 11ರಂದು ಲ್ಯಾರಿ ಹೋಮ್ಸ್‌ನ ಪಟ್ಟದ ಪಂದ್ಯಕ್ಕೆ ಅತಿಥಿಯಾಗಿ ಬಂದವನನ್ನು ಕಂಡು ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಹೃದಯಾಘಾತದಿಂದ ತೀರಿಕೊಂಡ; ವಯಸ್ಸು 66. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿದ್ದರಿಂದ ಆರ್ಲಿಂಗ್ಟನ್ನಿನ ರಾಷ್ಟ್ರೀಯ ರುದ್ರಭೂಮಿಯಲ್ಲಿ ಸೈನಿಕ ಗೌರವದೊಡನೆ ಸಮಾಧಿಯಾಯಿತು. ಅಂತ್ಯಕ್ರಿಯೆಯ ವೆಚ್ಚದಲ್ಲಿ ಶ್ಮೆಲಿಂಗ್‌ನ ಪಾಲೂ ಇತ್ತು. ಆತ 2005ರ ಫೆಬ್ರವರಿಯಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ನಿಧನನಾದ.

ಡೆಟ್ರಾಯಿಟ್‌ನಲ್ಲಿ ಲೂಯಿಸ್‌ನ ಹೆಸರು ಹೊತ್ತಿದ್ದ ಒಳಾಂಗಣ ಕ್ರೀಡಾಂಗಣ 2017ರಲ್ಲಿ ಮುಚ್ಚಿತು. ಬಳಿಕ ಅದನ್ನು ಕೆಡವಿದರು. ಅದೇ ನಗರದ ಜೆಫರ್ಸನ್ ರಸ್ತೆಯಲ್ಲಿ 1986ರಲ್ಲಿ ನಿಲ್ಲಿಸಿದ ಸ್ಮಾರಕ ಇದೆ. ಶಿಲ್ಪಿ ರಾಬರ್ಟ್ ಗ್ರಹಾಂ ಮಾಡಿದ್ದು ಅವನ ಮುಖವನ್ನಲ್ಲ; 24 ಅಡಿ ಉದ್ದದ ಒಂದು ಕಂಚಿನ ತೋಳು, ತುದಿಯಲ್ಲಿ ಬಿಗಿಹಿಡಿದ ಮುಷ್ಟಿ. ಅದರ ಮೇಲೆ ಕೈಗವಸಿಲ್ಲ.